ಬೆಳಕನ್ನು ನಿಧಾನಿಸಲು ಸಿಕ್ಕ ಹತ್ತು ದಿನ

ಕೇಬಲ್ ಸಂಸ್ಥೆಯವರು ನನಗೆ ಕೊಟ್ಟದ್ದು ಹತ್ತು ದಿನ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮಾರ್ಗದ ಕೇಬಲ್ಲಿನಲ್ಲಿ ಬಳಕೆಗೆ ಬಾರದೆ ಉಳಿದಿದ್ದ ಎರಡು ಫೈಬರ್ ಎಳೆಗಳನ್ನು ಅಷ್ಟು ದಿನ ಉಪಯೋಗಿಸಿಕೊಳ್ಳಬಹುದು, ಹನ್ನೊಂದನೆಯ ದಿನ ಅವು ಬೇರೆ ಗಿರಾಕಿಗೆ ಹೋಗುತ್ತವೆ ಎಂದು ಪತ್ರದಲ್ಲಿ ಬರೆದಿದ್ದರು. ವಿಶ್ವವಿದ್ಯಾಲಯ ನನಗೆ ಕೊಟ್ಟಿದ್ದ ಕಡೆಯ ಅವಧಿ ಮುಗಿಯಲು ಆಗ ಐದು ವಾರ ಉಳಿದಿತ್ತು. ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಏಳು ವರ್ಷ ಎಳೆದುಕೊಂಡು ಬಂದಿದ್ದ ಸಂಶೋಧನೆ. ಎರಡು ಸಲ ಅವಧಿ ಮುಂದೂಡಿದ್ದರು. ಪ್ರಯೋಗಾಲಯದ ಮೇಜಿನ ಮೇಲೆ ಮಾಡಿದ್ದನ್ನು ನಿಜವಾದ ದಾರಿಯಲ್ಲಿ, ಬಿಸಿಲು ಗಾಳಿಯ ನಡುವೆ, ಮೂರು ಪೂರ್ತಿ ದಿನ ಮಾಡಿ ತೋರಿಸಿದರೆ ಪ್ರಬಂಧ ತೆಗೆದುಕೊಳ್ಳುತ್ತೇವೆ ಎಂದು ಸಮಿತಿ ಹೇಳಿತ್ತು.

ಮಾಡಬೇಕಾದ್ದು ಇಷ್ಟು. ಬ್ಯಾಡಗಿಯಲ್ಲಿರುವ ಕೇಬಲ್ ಸಂಸ್ಥೆಯ ಕೇಂದ್ರದಲ್ಲಿ ಒಂದು ಲೇಸರಿನಿಂದ ಬೆಳಕಿನ ಸಣ್ಣ ತುಣುಕು, ಅಂದರೆ ಪಲ್ಸ್, ಹುಟ್ಟುತ್ತದೆ. ಅದನ್ನು ಎರಡಾಗಿ ಒಡೆದು ಒಂದನ್ನು ಹಾವೇರಿಗೆ, ಇನ್ನೊಂದನ್ನು ರಾಣೆಬೆನ್ನೂರಿಗೆ ಕಳಿಸುತ್ತೇವೆ. ಎರಡೂ ಊರಿನಲ್ಲಿ ಒಂದು ಎಳೆಯ ತುದಿಯನ್ನು ಇನ್ನೊಂದು ಎಳೆಗೆ ಜೋಡಿಸಿರುವುದರಿಂದ ಪಲ್ಸುಗಳು ತಿರುಗಿ ಬ್ಯಾಡಗಿಗೆ ಬರುತ್ತವೆ. ಎರಡು ದಾರಿಯ ಉದ್ದದ ವ್ಯತ್ಯಾಸವನ್ನು ಮೊದಲೇ ಫೈಬರ್ ಸುರುಳಿ ಹಾಕಿ ಸರಿಮಾಡಿಟ್ಟರೆ, ಎರಡೂ ಒಂದೇ ಕ್ಷಣಕ್ಕೆ ಬಂದು ಮುಟ್ಟಬೇಕು. ಆದರೆ ಹಾಗೆ ಮುಟ್ಟುವುದಿಲ್ಲ. ಹಾವೇರಿ ಕಡೆಯ ಕೇಬಲ್ ಪೂರ್ತಿ ನೆಲದೊಳಗಿದೆ. ರಾಣೆಬೆನ್ನೂರು ಕಡೆಯದು, ರಸ್ತೆ ಅಗಲ ಮಾಡುವಾಗ ಕಿತ್ತು, ಸುಮಾರು ಒಂಬತ್ತು ಕಿಲೋಮೀಟರ್ ಕಂಬದ ಮೇಲೆ ಹೋಗಿದೆ. ಬಿಸಿಲು ಏರಿದಂತೆ ಕಂಬದ ಮೇಲಿನ ಫೈಬರ್ ಕಾಯುತ್ತದೆ, ಕಾದ ಗಾಜಿನಲ್ಲಿ ಬೆಳಕು ತುಸು ನಿಧಾನವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ರಾಣೆಬೆನ್ನೂರಿನ ಪಲ್ಸ್ ಹತ್ತು ಹದಿನೈದು ನ್ಯಾನೋಸೆಕೆಂಡ್ ಹಿಂದೆ ಬೀಳುತ್ತದೆ. ನೂರು ಕೋಟಿ ನ್ಯಾನೋಸೆಕೆಂಡ್ ಕೂಡಿದರೆ ಒಂದು ಸೆಕೆಂಡ್. ಆದರೂ ಸಂಕೇತಗಳ ಲೆಕ್ಕದಲ್ಲಿ ಅದು ದೊಡ್ಡ ಅಂತರ.

ಹಿಂದೆ ಬಿದ್ದದ್ದನ್ನು ಓಡಿಸಲು ಬರುವುದಿಲ್ಲ. ಹಾವೇರಿಯಿಂದ ಮೊದಲು ಬಂದದ್ದನ್ನು ತಡಮಾಡಬಹುದು. ಅದಕ್ಕೆ ಆ ಪಲ್ಸನ್ನು ಬ್ಯಾಡಗಿಯ ಕೋಣೆಯಲ್ಲಿಟ್ಟ ಇನ್ನೊಂದು ಫೈಬರ್ ಸುರುಳಿಯೊಳಗೆ ಹಾಯಿಸಿ, ಎದುರಿನ ತುದಿಯಿಂದ ಬಲವಾದ ಇನ್ನೊಂದು ಬೆಳಕು ಬಿಡುತ್ತೇವೆ. ಎರಡು ಬೆಳಕಿನ ಆವರ್ತನದ ಅಂತರ ಸರಿಯಾಗಿ ಹೊಂದಿದಾಗ ಪಲ್ಸ್ ಸುರುಳಿಯಲ್ಲಿ ನಿಧಾನವಾಗುತ್ತದೆ. ಎದುರಿನ ಬೆಳಕಿನ ಬಲ ಹೆಚ್ಚಿಸಿದಷ್ಟೂ ತಡ ಹೆಚ್ಚು. ಬಲವನ್ನು ತಾನಾಗಿ ಏರಿಳಿಸುವ ಒಂದು ಪ್ರೋಗ್ರಾಂ ಬರೆದಿದ್ದೆ. ಆ ಬೆಳಕಿಗೆ ಬಲ ಕೊಡುವ ಆಂಪ್ಲಿಫೈಯರ್ ಬೇರೆ ಊರಿನ ಪ್ರಯೋಗಾಲಯದಿಂದ ಕಡ ತಂದದ್ದು. ಅದೂ ಐದು ವಾರದೊಳಗೆ ಹಿಂದಿರುಗಬೇಕಿತ್ತು.

ಮೆಣಸಿನಕಾಯಿ ಸುಗ್ಗಿಯ ದಿನಗಳವು. ಕೇಂದ್ರದಿಂದ ಮಾರುಕಟ್ಟೆ ದೂರವಿರಲಿಲ್ಲ. ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು, ಚೀಲ ಸುರಿದಾಗೊಮ್ಮೆ ಘಾಟು ಗಾಳಿಯ ಜೊತೆ ಒಳಗೆ ಬರುತ್ತಿತ್ತು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದೆ. ಆದರೂ ಸೀನು ಬಿಡುತ್ತಿರಲಿಲ್ಲ.

ಮೊದಲ ದಿನ ನನ್ನ ಜೊತೆಗಿದ್ದವರು ಆ ಮಾರ್ಗದ ಜಾಯಿಂಟರ್. ತುಂಡಾದ ಫೈಬರನ್ನು ಕರಗಿಸಿ ಬೆಸೆಯುವುದು ಅವರ ಕೆಲಸ. ಮೋಟೆಬೆನ್ನೂರಿನವರು, ಐವತ್ತು ದಾಟಿದ ವಯಸ್ಸು, ಇಪ್ಪತ್ತೆರಡು ವರ್ಷದಿಂದ ಗುತ್ತಿಗೆಯ ಮೇಲೆ ಅದೇ ಕೆಲಸ. ಹಾವೇರಿ, ರಾಣೆಬೆನ್ನೂರು ಎರಡೂ ಕಡೆ ಹೋಗಿ ತುದಿಗಳನ್ನು ಜೋಡಿಸಿ ಬಂದು, ಪಲ್ಸುಗಳನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಉಬ್ಬುಗಳು ಎದ್ದದ್ದನ್ನು ನನ್ನ ಪಕ್ಕದಲ್ಲೇ ನಿಂತು ನೋಡಿದರು.

"ಇದರಾಗ ಹಾವೇರೀದು ಯಾವ್ದ್ರಿ ಮೇಡಮ್ಮಾರ?"

"ಎಡಗಡೀದು."

"ಅದನ್ನ ನೀವು ತಡೀತೀರಿ."

"ಹೂಂ, ತಡೀತೇನಿ. ರಾಣೆಬೆನ್ನೂರಿಂದು ಬರೂತನಾ."

ಅವರು ನಕ್ಕರು. "ನಾವು ಇಪ್ಪತ್ತೆರಡು ವರ್ಷ ಲಗೂ ಹೋಗ್ಲಿ ಅಂತ ಬಡದಾಡೇವಿ. ನೀವು ಸಾವಕಾಶ ಹೋಗ್ಲಿ ಅಂತೀರಿ."

ಎರಡನೆಯ ದಿನ ಪ್ರಯೋಗ ನಡೆಯಿತು. ಹತ್ತು ಗಂಟೆಗೆ ರಾಣೆಬೆನ್ನೂರಿನ ಪಲ್ಸ್ ಸರಿಯತೊಡಗಿತು, ಪ್ರೋಗ್ರಾಂ ಎದುರಿನ ಬೆಳಕನ್ನು ಏರಿಸಿತು, ಹಾವೇರಿಯದು ಅದರ ಹಿಂದೆಯೇ ಸರಿದು ಬಂದು ಅದರ ಮೇಲೆ ಕೂತಿತು. ಮಧ್ಯಾಹ್ನ ಒಂದು ಗಂಟೆಯವರೆಗೆ ಎರಡೂ ಬಿಡಲಿಲ್ಲ. ಆಮೇಲೆ ಪ್ರೋಗ್ರಾಮಿನಲ್ಲೊಂದು ತಪ್ಪು ಕಂಡಿತು, ನಿಲ್ಲಿಸಿ ತಿದ್ದಿದೆ. ಸಂಜೆ ಬಸ್ಸಿನಲ್ಲಿ ಹಾವೇರಿಗೆ ಬರುವಾಗ ಉಳಿದ ಎಂಟು ದಿನಗಳನ್ನು ಬೆರಳಿನಲ್ಲಿ ಎಣಿಸಿದೆ. ಬೇಕಾದದ್ದು ಮೂರೇ.

ಮೂರನೆಯ ದಿನ ಬೆಳಿಗ್ಗೆ ಹಾವೇರಿಯ ಪಲ್ಸ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಎದುರಿನ ಬೆಳಕನ್ನು ಎಷ್ಟು ಏರಿಸಿದರೂ ಅದು ಜಾಗದಿಂದ ಅಲುಗಲಿಲ್ಲ. ಆಂಪ್ಲಿಫೈಯರಿನ ಫಲಕ ಹಿಂದಿನ ದಿನದ ಅಂಕಿಯನ್ನೇ ತೋರಿಸುತ್ತಿತ್ತು. ಆವರ್ತನದ ಅಂತರವನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಸುರುಳಿ ಇಟ್ಟಿದ್ದ ಥರ್ಮಾಕೋಲ್ ಪೆಟ್ಟಿಗೆಯ ಉಷ್ಣಾಂಶ ನೋಡಿದೆ. ಎಲ್ಲ ಸರಿ. ಹಾಗಾದರೆ ದಾರಿಯಲ್ಲೇ ಏನೋ ಆಗಿದೆ ಎಂದುಕೊಂಡೆ.

ಫೈಬರಿನೊಳಗೆ ಬೆಳಕು ಬಿಟ್ಟು, ತಿರುಗಿ ಬರುವ ಮಿಣುಕಿನಿಂದ ಎಲ್ಲೆಲ್ಲಿ ಎಷ್ಟು ನಷ್ಟ ಎಂದು ಗೆರೆ ಬರೆದು ತೋರಿಸುವ ಯಂತ್ರವೊಂದಿದೆ. ಓಟಿಡಿಆರ್ ಎನ್ನುತ್ತಾರೆ. ಕೇಂದ್ರದಲ್ಲಿದ್ದ ಅದನ್ನು ಹಾವೇರಿ ಕಡೆಯ ಎಳೆಗೆ ಹಚ್ಚಿದೆ. ಮೋಟೆಬೆನ್ನೂರಿನ ಹತ್ತಿರ ಗೆರೆಯಲ್ಲೊಂದು ಮೆಟ್ಟಿಲು ಕಂಡಿತು. ಹಿಂದಿನ ವಾರ ಜೆಸಿಬಿ ಅಗೆದು ಕೇಬಲ್ ತುಂಡಾದ ಜಾಗ. ಅಲ್ಲಿ ಜಾಯಿಂಟ್ ಮಾಡಿದ್ದು ಅದೇ ಜಾಯಿಂಟರ್.

ಮೆಟ್ಟಿಲು ಸಣ್ಣದು. ಅಷ್ಟು ನಷ್ಟಕ್ಕೆ ಪಲ್ಸ್ ಅರ್ಧಕ್ಕೆ ಇಳಿಯುವುದಿಲ್ಲ, ಅದೂ ನನಗೆ ಗೊತ್ತಿತ್ತು. ಜಾಯಿಂಟಿನೊಳಗೆ ಎಳೆ ಬಿಗಿಯಾಗಿ ಬಾಗಿರಬೇಕು, ಬಿಸಿಲಿಗೆ ನಷ್ಟ ಹೆಚ್ಚುತ್ತಿರಬೇಕು ಎಂದು ನನಗೆ ನಾನೇ ಒಂದು ಕಾರಣ ಕಟ್ಟಿಕೊಂಡೆ. ಜಾಯಿಂಟರ್‌ಗೆ ಫೋನ್ ಮಾಡಿದೆ.

"ಮೇಡಮ್ಮಾರ, ಆ ಜಾಯಿಂಟ್ ನಾ ಖುದ್ದ ಮಾಡೇನಿ. ಅದರಾಗ ಅಷ್ಟು ಹೋಗೂದಿಲ್ರಿ. ನಿಮ್ಮ ಕಡೆ ಒಂದ್ಸಲ ನೋಡಿದ್ರೇನು?"

"ನಮ್ಮ ಕಡೆ ಎಲ್ಲಾ ನೋಡೇನಿ."

"ಕನೆಕ್ಟರ್ ಬಿಚ್ಚಿ ನೋಡೀರೇನ್ರಿ?"

"ಅಣ್ಣಾರ, ಆಂಪ್ಲಿಫೈಯರ್ ಪೂರಾ ಬೆಳಕು ಕೊಡಾಕತ್ತೈತಿ. ನೀವು ಆ ಜಾಯಿಂಟ್ ತೆಗೀರಿ."

ಅವರಿಗೆ ಆ ದಿನ ಐರಣಿ ಕಡೆ ಬೇರೆ ಕೆಲಸವಿತ್ತು. ನಾಳೆ ಬರುತ್ತೇನೆ ಎಂದರು. ನಾಳೆ ಎಂದರೆ ನನಗೆ ಒಂದು ದಿನ. ಕೇಬಲ್ ಸಂಸ್ಥೆಯ ಹಾವೇರಿ ಕಚೇರಿಗೆ ಹೋಗಿ ವಿಭಾಗದ ಅಧಿಕಾರಿಗೆ ದೂರು ಬರೆದುಕೊಟ್ಟೆ. ಏಳು ವರ್ಷದ ಕೆಲಸ, ಹತ್ತು ದಿನದ ಗಡುವು, ಎಲ್ಲ ಬರೆದೆ. ಕೊನೆಗೆ "ಜಾಯಿಂಟರ್‌ನ ನಿರ್ಲಕ್ಷ್ಯದಿಂದ" ಎಂದೂ ಬರೆದೆ. ಆ ಮಾತು ಬರೆಯದಿದ್ದರೆ ಕಾಗದ ಅಲುಗುವುದಿಲ್ಲ ಎಂದು ನನಗೆ ಅನಿಸಿತ್ತು.

ಕಾಗದ ಅಲುಗಿತು. ನಾಲ್ಕನೆಯ ದಿನ ಒಮ್ಮೆ, ಐದನೆಯ ದಿನ ಇನ್ನೊಮ್ಮೆ ಹೆದ್ದಾರಿಯ ಪಕ್ಕದ ಗುಂಡಿಯಲ್ಲಿ ಜಾಯಿಂಟರ್ ಕೂತು, ಪೆಟ್ಟಿಗೆ ಬಿಚ್ಚಿ, ಎಳೆ ಕತ್ತರಿಸಿ ಮತ್ತೆ ಬೆಸೆದರು. ಮೆಟ್ಟಿಲು ಇನ್ನೂ ಸಣ್ಣದಾಯಿತು. ನಾನು ಬ್ಯಾಡಗಿಗೆ ಓಡಿ ಪರದೆ ನೋಡಿದೆ. ಹಾವೇರಿಯ ಪಲ್ಸ್ ಹಾಗೇ ಕುಗ್ಗಿತ್ತು.

ಆರನೆಯ ದಿನ ಅಧಿಕಾರಿಯೇ ಬಂದರು. ನನ್ನ ಒತ್ತಾಯಕ್ಕೆ ಜಾಯಿಂಟನ್ನು ಮೂರನೆಯ ಸಲ ತೆಗೆಸಿದರು. ಹನ್ನೊಂದು ಗಂಟೆಯ ಬಿಸಿಲು, ಲಾರಿಗಳು ಎಬ್ಬಿಸುವ ಧೂಳು. ಕೊಡೆಯ ನೆರಳಿನಲ್ಲಿ ಯಂತ್ರ ಇಟ್ಟುಕೊಂಡು ಜಾಯಿಂಟರ್ ಕೂದಲಿಗಿಂತ ಸ್ವಲ್ಪ ದಪ್ಪದ ಆ ಎಳೆಯನ್ನು ಹಿಡಿದಿದ್ದರು. ಒಂದು ಎಳೆ ಮುರಿಯಿತು.

"ಕೈ ನಡಗಾಕತ್ತಾವೇನ್ ಮಾರಾಯಾ ನಿನಗ?" ಎಂದರು ಅಧಿಕಾರಿ. ಕೆಲಸಗಾರರು ಐದಾರು ಮಂದಿ ಸುತ್ತ ನಿಂತಿದ್ದರು. "ಆಗೂದಿಲ್ಲ ಅಂದ್ರ ಬಿಡು. ಹೊಸ ಮಂದಿ ಬೇಕಾದಷ್ಟ ಅದಾರ."

ಜಾಯಿಂಟರ್ ಮತ್ತೆ ಕೆಲಸಕ್ಕೆ ಬಗ್ಗಿದರು. ಎಳೆಯ ತುದಿ ಮತ್ತೆ ಕತ್ತರಿಸಿ, ಒರೆಸಿ, ಬೆಸೆದು ಮುಗಿಸಿದರು. ನಾನು ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಉಳಿದ ನಾಲ್ಕು ದಿನ ಮಾತ್ರ.

ಪಲ್ಸ್ ಏಳಲಿಲ್ಲ. ಸಂಜೆ ಅಧಿಕಾರಿ ಜಾಯಿಂಟರ್‌ನಿಂದ ಬೆಸೆಯುವ ಯಂತ್ರ ವಾಪಸು ತೆಗೆದುಕೊಂಡು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಮುಂದಿನ ಗುತ್ತಿಗೆಯ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ ಎಂದು ಬೇರೆಯವರಿಂದ ತಿಳಿಯಿತು. ನನಗೆ ಒಂದು ಪ್ರಮಾಣಪತ್ರ ಸಿಕ್ಕಿತು. ಮಾರ್ಗದ ದೋಷದಿಂದ ಸಂಶೋಧಕರ ಕೆಲಸ ಸ್ಥಗಿತಗೊಂಡಿದೆ ಎಂದು ಅದರಲ್ಲಿತ್ತು.

ನನ್ನ ಮಾರ್ಗದರ್ಶಕರು ನಿವೃತ್ತಿಯ ಅಂಚಿನಲ್ಲಿದ್ದ ಪ್ರಾಧ್ಯಾಪಕರು. ಫೋನಿನಲ್ಲಿ ಪತ್ರ ಓದಿ ಹೇಳಿದೆ.

"ಪಾರಾದಿ ನೋಡವಾ," ಎಂದರು. "ನಿನ್ನ ತಪ್ಪಿಲ್ಲ ಅಂತ ಕಾಗದ ಸಿಕ್ಕರ ಆರು ತಿಂಗಳು ಕೊಡಬೇಕು ಅಂತ ನಿಯಮಾನ ಐತಿ. ಆಂಪ್ಲಿಫೈಯರ್ ಮಾತು ನಾ ಆಡತೇನಿ. ಇನ್ನ ಸಾಮಾನು ಕಟ್ಟಿಕೊಂಡು ಬಾ."

ಏಳನೆಯ ದಿನ ಸಾಮಾನು ಕಟ್ಟಲೆಂದೇ ಬ್ಯಾಡಗಿಗೆ ಹೋದೆ. ಸುರುಳಿಯನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ಎದುರಿನ ಬೆಳಕು ಒಳಹೋಗುವ ತುದಿಯ ಕನೆಕ್ಟರ್ ಬಿಚ್ಚಿದೆ. ಕಟ್ಟಿಡುವಾಗ ತುದಿ ಪರೀಕ್ಷಿಸಿ ಟೋಪಿ ಹಾಕಿಡುವುದು ರೂಢಿ. ಕೈಯಲ್ಲಿ ಹಿಡಿಯುವ ಸಣ್ಣ ಸೂಕ್ಷ್ಮದರ್ಶಕದಲ್ಲಿ ತುದಿ ಇಟ್ಟು ನೋಡಿದೆ.

ನಡುವೆ, ಬೆಳಕು ಹಾಯುವ ಜಾಗದಲ್ಲೇ, ಕಪ್ಪು ಕುಳಿ. ಗಾಜು ಸುಟ್ಟು ಕರಗಿ ಗುಂಡಿ ಬಿದ್ದಿತ್ತು. ಸುತ್ತ ಕಂದುಗೆಂಪು ಕಣಗಳು ಅಂಟಿಕೊಂಡಿದ್ದವು.

ಸೂಕ್ಷ್ಮದರ್ಶಕವನ್ನು ಮೇಜಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದೆ. ಕುಳಿ ಅಲ್ಲೇ ಇತ್ತು.

ಎರಡನೆಯ ದಿನ ಮಧ್ಯಾಹ್ನ ಪ್ರೋಗ್ರಾಂ ತಿದ್ದಲು ನಿಲ್ಲಿಸಿದ್ದಾಗ ಬೆಳಕಿನ ಬಲ ಅಳೆಯಲೆಂದು ಆ ಕನೆಕ್ಟರ್ ಬಿಚ್ಚಿದ್ದೆ. ಅದೇ ಹೊತ್ತಿಗೆ ಯಾರೋ ಬಾಗಿಲು ತೆರೆದು ಚಹಾ ಬೇಕೇ ಎಂದು ಕೇಳಿದರು. ಘಾಟಿನ ಗಾಳಿ ಒಳಗೆ ಬಂತು, ಎರಡು ಮೂರು ಸಲ ಸೀನಿದೆ, ಕಣ್ಣು ಒರೆಸಿಕೊಂಡು ಕನೆಕ್ಟರನ್ನು ಹಾಗೇ ಹಾಕಿ ತಿರುಗಿಸಿದೆ. ತುದಿ ಒರೆಸಲಿಲ್ಲ. ಮಕ್ಕಳಿಗೆ ಪ್ರಯೋಗಾಲಯದಲ್ಲಿ ಮೊದಲ ದಿನ ಹೇಳುವ ಮಾತು ಅದು, ಬಿಚ್ಚಿದರೆ ಒರೆಸಿಯೇ ಹಾಕಬೇಕು ಅಂತ. ಬಲವಾದ ಬೆಳಕಿಗೆ ಒಂದು ಕಣ ಧೂಳು ಸಾಕು, ಅದು ಉರಿದು ಗಾಜನ್ನೂ ಸುಡುತ್ತದೆ. ಹಾವೇರಿಯ ಪಲ್ಸ್ ಸುರುಳಿಯಿಂದ ಹೊರಬರುವುದೂ ಅದೇ ತುದಿಯಿಂದ. ಅದಕ್ಕೇ ಅದು ಕುಗ್ಗಿತ್ತು, ಅದಕ್ಕೇ ತಡವಾಗುತ್ತಿರಲಿಲ್ಲ. ಆಂಪ್ಲಿಫೈಯರ್ ತಾನು ಕೊಟ್ಟ ಬೆಳಕನ್ನಷ್ಟೇ ಹೇಳುತ್ತಿತ್ತು, ಮುಂದೆ ಎಷ್ಟು ಮುಟ್ಟಿತು ಎಂದು ಅದಕ್ಕೆ ಗೊತ್ತಿಲ್ಲ. ಓಟಿಡಿಆರ್ ಹೊರಗಿನ ದಾರಿ ಅಳೆದಿತ್ತು. ನನ್ನ ಮೇಜಿನ ಮೇಲಿನ ಒಂದು ಗೇಣು ದಾರಿಯನ್ನು ಯಾರೂ ಅಳೆದಿರಲಿಲ್ಲ. ಅಳೆಯಿರಿ ಎಂದವರು ಒಬ್ಬರಿದ್ದರು. ನೋಡಿದ್ದೇನೆ ಎಂದು ಅವರಿಗೆ ಸುಳ್ಳು ಹೇಳಿದ್ದೆ.

ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ತುದಿಗೆ ಟೋಪಿ ಹಾಕಿ, ಪೆಟ್ಟಿಗೆ ಮುಚ್ಚಿ, ಊರಿಗೆ ಹೋಗಿಬಿಟ್ಟರೆ ಯಾರಿಗೂ ಇದು ತಿಳಿಯುವಂತಿರಲಿಲ್ಲ. ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಕುಳಿಯ ವಿಷಯ ಹೇಳಿದೆ.

"ಯಾರಿಗರೆ ಹೇಳೀಯೇನು?"

"ಇಲ್ಲ ಸರ್. ನಿಮಗ ಮೊದಲು."

"ಹಂಗಾರ ಕೇಳು. ಕಾಗದ ಅವರು ಕೊಟ್ಟಾರ, ನೀ ಬರದದ್ದಲ್ಲ. ನೀ ಸುಮ್ಮನಿದ್ರ ಸುಳ್ಳು ಹೇಳಿದಂಗೇನೂ ಆಗೂದಿಲ್ಲ. ಆರು ತಿಂಗಳಾಗ ಎಲ್ಲಾ ಸರಿ ಮಾಡಬಹುದು."

"ಆ ಜಾಯಿಂಟರ್ ಕೆಲಸ ಹೋಗತೈತಿ ಸರ್."

"ಅದು ನಿನ್ನ ಕೈಯಾಗ ಐತೇನು? ಅವರ ಕಚೇರಿ ವಿಷಯ ಅದು."

ಫೋನ್ ಇಟ್ಟೆ. ಮಾರ್ಗದರ್ಶಕರು ಕೆಟ್ಟವರಲ್ಲ. ಏಳು ವರ್ಷ ನನ್ನನ್ನು ಕೈಬಿಡದೆ ನಡೆಸಿಕೊಂಡು ಬಂದವರು. ನನ್ನ ಮುಂದೆ ಕೂತು ಅಳುವ ವಿದ್ಯಾರ್ಥಿಗೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ. ಮಧ್ಯಾಹ್ನ ಊಟಕ್ಕೆ ತಂದ ಡಬ್ಬಿ ಬಿಚ್ಚಲಿಲ್ಲ. ಮೊಬೈಲಿನಲ್ಲಿ ದೂರಿನ ಪತ್ರದ ಚಿತ್ರವಿತ್ತು, ತೆಗೆದು ಓದಿದೆ. ನನ್ನ ಕೈಬರಹ ಚೆನ್ನಾಗಿಯೇ ಇತ್ತು. "ನಿರ್ಲಕ್ಷ್ಯ" ಎಂಬಲ್ಲಿ ಒತ್ತಕ್ಷರವೂ ತಪ್ಪಿರಲಿಲ್ಲ.

ಒಂದು ಕಡೆ ಅಧಿಕಾರಿಗೆ ಹೇಳುವ ಮಾತನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ, ಇನ್ನೊಂದು ಕಡೆ ಹೇಳದೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ವಿಸ್ತರಣೆ ಸಿಕ್ಕ ಮೇಲೆ ಗುಟ್ಟಾಗಿ ಅಧಿಕಾರಿಯನ್ನು ಕಂಡು ಜಾಯಿಂಟರ್ ಪರವಾಗಿ ಎರಡು ಮಾತು ಹೇಳಿದರಾಯಿತು ಎಂದೂ ಯೋಚಿಸಿದೆ. ಅಷ್ಟರಲ್ಲಿ ಪಟ್ಟಿ ಆಗಿಹೋಗಿರುತ್ತದೆ. ಸಾಯಂಕಾಲದವರೆಗೆ ಹೀಗೇ ಕಳೆಯಿತು. ಸಾಮಾನು ಕಟ್ಟಲಿಲ್ಲ, ಅಷ್ಟೇ ನಾನು ಮಾಡಿದ ನಿರ್ಧಾರ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಆರು ತಿಂಗಳು ಆ ಕಾಗದ ಇಟ್ಟುಕೊಂಡು ಬರೀತೀಯೇನು ಪ್ರಬಂಧ?" ರಾತ್ರಿ ಇನ್ನೊಂದು ಪತ್ರ ಬರೆಯಲು ಕೂತೆ.

ಎಂಟನೆಯ ದಿನ ಕಚೇರಿ ತೆರೆಯುವ ಹೊತ್ತಿಗೆ ಹಾವೇರಿಯ ಅಧಿಕಾರಿಯ ಮುಂದೆ ಕೂತಿದ್ದೆ. ಸುಟ್ಟ ತುದಿಯ ಚಿತ್ರವನ್ನು ಮೇಜಿನ ಮೇಲಿಟ್ಟು ನಡೆದದ್ದು ಹೇಳಿದೆ. ದೂರು ಹಿಂದಕ್ಕೆ ತೆಗೆದುಕೊಳ್ಳುವ ಪತ್ರ ಕೊಟ್ಟೆ. ದೋಷ ನನ್ನ ಉಪಕರಣದಲ್ಲಿತ್ತು, ಕಾರಣ ನನ್ನ ಅಜಾಗರೂಕತೆ ಎಂದು ಅದರಲ್ಲಿ ಬರೆದಿದ್ದೆ.

ಅವರು ಎರಡು ಸಲ ಓದಿದರು. "ನಮ್ಮ ಮಂದಿ ಮೂರು ಸಲ ಗುಂಡಿ ತೆಗದಾರ, ಗೊತ್ತೈತೇನ್ರಿ?"

"ಗೊತ್ತೈತಿ ಸಾಹೇಬ್ರ."

"ನಾ ಆ ಮನುಷ್ಯಾಗ ಎಲ್ಲಾರ ಮುಂದ ಅಂದೆ." ಪತ್ರವನ್ನು ಮಡಿಚಿ ಬದಿಗಿಟ್ಟರು. "ಪ್ರಮಾಣಪತ್ರ ವಾಪಸ್ ಕೊಡಬೇಕಾಗತೈತಿ."

ಚೀಲದಿಂದ ತೆಗೆದು ಕೊಟ್ಟೆ. ಅವರು ಅದರ ಮೇಲೆ ಅಡ್ಡ ಗೆರೆ ಎಳೆದು ಫೈಲಿನಲ್ಲಿಟ್ಟರು. ಉಳಿದ ಎರಡು ದಿನ ಫೈಬರ್ ಬಳಸಬಹುದೇ ಎಂದು ಕೇಳಿದೆ. ಬಳಸಿರಿ, ಒಂದು ದಿನವೂ ಹೆಚ್ಚು ಕೊಡಲಾರೆ ಎಂದರು.

ಸುಟ್ಟ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರಿನ ತುಂಡು ಬೆಸೆಯಬೇಕಿತ್ತು. ನನ್ನ ಬಳಿ ಬೆಸೆಯುವ ಯಂತ್ರವಿಲ್ಲ. ಹುಬ್ಬಳ್ಳಿಯಲ್ಲಿ ವಿಚಾರಿಸಿದರೆ ಮೂರು ದಿನವಾದೀತು ಎಂದರು. ಸಂಸ್ಥೆಯ ಯಂತ್ರ ಕಚೇರಿಯಲ್ಲಿತ್ತು, ಅದನ್ನು ನಡೆಸುವ ಕೈ ಇದ್ದದ್ದು ಜಾಯಿಂಟರ್ ಒಬ್ಬರ ಹತ್ತಿರ. ಅವರ ಹತ್ತಿರ ಹೋಗುವುದು ಹೇಗಿದ್ದರೂ ಆಗಬೇಕಿತ್ತು, ಕ್ಷಮೆ ಕೇಳಲು. ಆದರೆ ಕ್ಷಮೆಯ ಜೊತೆಗೆ ಕೆಲಸವನ್ನೂ ಕೇಳಬೇಕಾದದ್ದು ನನಗೆ ಬಹಳ ನಾಚಿಕೆ ತಂದಿತು.

ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು ಮನೆ ಕೇಳಿಕೊಂಡು ಹೋದೆ. ಜಾಯಿಂಟರ್ ಅಂಗಳದಲ್ಲಿ ಬಿಳಿಜೋಳದ ತೆನೆಗಳನ್ನು ಹರವಿ ಒಣಗಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಒಳಗಿನಿಂದ ಅವರ ಹೆಂಡತಿ ಚಾಪೆ ತಂದು ಹಾಸಿದರು. "ಬರ್ರಿ, ಕುಂದರ್ರಿ" ಎಂದದ್ದು ಆಕೆ.

"ಅಣ್ಣಾರ, ತಪ್ಪು ನಂದು," ಎಂದೆ. "ನನ್ನ ಕನೆಕ್ಟರ್ ಸುಟ್ಟಿತ್ತು. ನೀವು ಅಂದಾಗ ನಾ ನೋಡಿರಲಿಲ್ಲ. ನೋಡೇನಿ ಅಂತ ಸುಳ್ಳು ಹೇಳಿದೆ."

ಅವರು ಒಂದು ತೆನೆ ಎತ್ತಿ ಮಗ್ಗುಲಾಗಿಟ್ಟರು.

"ಅವತ್ತ ಸಾಹೇಬ್ರು ನನ್ನ ಕೈ ನಡಗತಾವು ಅಂದ್ರು. ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ."

"ನಾ ನಿಮ್ಮ ಮಾರಿ ನೋಡಿದೆ, ಮೇಡಮ್ಮಾರ. ನೀವು ಗಡಿಯಾರ ನೋಡಾಕತ್ತಿದ್ರಿ."

ನನಗೆ ಗೊತ್ತೇ ಇರಲಿಲ್ಲ ಅದು. ತಲೆ ತಗ್ಗಿಸಿ ಕೂತೆ. ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕಚೇರಿಯಿಂದ ಫೋನ್ ಬರುತ್ತದೆ ಎಂದು ಹೇಳಿದೆ. ಆಕೆ ಚಹಾ ತಂದರು. ಕುಡಿದು ಲೋಟ ಇಟ್ಟೆ. ಹೊಸ ತುಂಡು ಬೆಸೆಯುವ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಎದ್ದು ಹೊರಟೆ.

ರಸ್ತೆಯವರೆಗೆ ಬಂದಿದ್ದೆ. ಹಿಂದಿನಿಂದ ಅವರ ದನಿ ಬಂತು.

"ಆ ಸುಟ್ಟ ತುದಿ ಏನ್ ಮಾಡ್ತೀರಿ?"

"ಹುಬ್ಬಳ್ಳಿಯವರಿಗೆ ಕೇಳೇನಿ. ಮೂರು ದಿನ ಅಂದ್ರು."

"ಎಷ್ಟು ದಿನ ಉಳದಾವು?"

"ಎರಡು."

ಅವರು ಅಂಗಳದ ಕಡೆ ಒಮ್ಮೆ ನೋಡಿದರು. "ಸಾಹೇಬ್ರು ಮಷಿನ್ ಕೊಟ್ರ ನಾಳೆ ಬರ್ತೇನಿ. ನಿಮ್ಮ ಸಲುವಾಗಿ ಅಂತ ತಿಳಕೋಬ್ಯಾಡ್ರಿ. ಆ ದಾರಿ ಸರಿ ಐತಿ ಅಂತ ನಾ ಕಣ್ಣಿಲೆ ನೋಡಬೇಕಾಗೈತಿ."

ಒಂಬತ್ತನೆಯ ದಿನ ಯಂತ್ರ ಅವರ ಕೈಗೆ ಸಿಗುವಷ್ಟರಲ್ಲಿ ಮಧ್ಯಾಹ್ನ ಎರಡು. ಬ್ಯಾಡಗಿಗೆ ಬಂದು ಮೊದಲು ಬಾಗಿಲ ಸಂದಿಯ ಬಟ್ಟೆಯನ್ನು ತೆಗೆದು ಒದ್ದೆ ಮಾಡಿ ಮತ್ತೆ ತುರುಕಿದರು. ಮೇಜು ಒರೆಸಿದರು. ಕೈ ತೊಳೆದರು. ಸುಟ್ಟ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಕತ್ತರಿಸಿದರು. ಎಳೆಯ ಮೇಲಿನ ಪದರ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿ ಸಮನಾಗಿ ಸೀಳಿ, ಯಂತ್ರದ ಎರಡು ಸಣ್ಣ ಕಚ್ಚುಗಳಲ್ಲಿ ಎರಡು ತುದಿ ಇಟ್ಟರು. ಕೈ ಒಂದು ಕೂದಲಷ್ಟೂ ಅಲುಗಲಿಲ್ಲ. ನಾನು ಮಾಸ್ಕಿನ ಹಿಂದೆ ಉಸಿರು ಹಿಡಿದು ಕೂತಿದ್ದೆ. ಕನೆಕ್ಟರ್ ಹಾಕುವಾಗ ಒರೆಸುವ ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದು ನೀವು ಮಾಡ್ರಿ" ಎಂದರು.

ಒರೆಸಿದೆ, ನೋಡಿದೆ, ಮತ್ತೆ ಒರೆಸಿದೆ, ಹಾಕಿದೆ. ಹಾವೇರಿಯ ಪಲ್ಸ್ ಎದ್ದು ನಿಂತಿತು.

ಹತ್ತನೆಯ ದಿನ ಬೆಳಿಗ್ಗೆ ಏಳೂವರೆಗೆ ದಾಖಲೆ ಶುರುಮಾಡಿದೆ. ಎಂಟರ ಹೊತ್ತಿಗೆ ಎರಡೂ ಪಲ್ಸ್ ಒಂದರ ಮೇಲೊಂದು ಇದ್ದವು, ತಡ ಮಾಡುವ ಅಗತ್ಯವೇ ಇರಲಿಲ್ಲ. ಒಂಬತ್ತರಿಂದ ರಾಣೆಬೆನ್ನೂರಿನದು ಹಿಂದೆ ಬೀಳತೊಡಗಿತು. ಎದುರಿನ ಬೆಳಕು ಏರಿತು. ಹನ್ನೊಂದಕ್ಕೆ ಆರು ನ್ಯಾನೋಸೆಕೆಂಡ್. ಒಂದು ಗಂಟೆಗೆ ಹತ್ತು. ತಡ ಹೆಚ್ಚಿದಂತೆ ಪಲ್ಸ್ ಅಗಲವಾಗುತ್ತ ಬಂತು, ಅದು ಆಗಲೇಬೇಕು, ತಡವಾಗುವ ಬೆಳಕು ಚೂಪಾಗಿ ಉಳಿಯುವುದಿಲ್ಲ. ಪ್ರೋಗ್ರಾಂ ಅಗಲದ ನಡುವನ್ನು ಹಿಡಿದುಕೊಂಡೇ ಹೋಯಿತು. ಎರಡೂವರೆಗೆ ಹದಿಮೂರು ಮುಟ್ಟಿ ಅಲ್ಲೇ ನಿಂತಿತು. ಮೋಡವೊಂದು ಬಂದಾಗ ತುಸು ಇಳಿಯಿತು, ಹೋದಾಗ ಏರಿತು. ನಾಲ್ಕರ ಮೇಲೆ ಇಳಿಯತೊಡಗಿತು. ಐದೂವರೆಗೆ ಅಧಿಕಾರಿಯ ಫೋನ್ ಬಂತು, ತುದಿಗಳನ್ನು ಬಿಚ್ಚುತ್ತಿದ್ದೇವೆ ಎಂದರು. ಒಂದು ನಿಮಿಷದಲ್ಲಿ ಪರದೆ ಖಾಲಿಯಾಯಿತು.

ಹತ್ತು ಗಂಟೆಯಲ್ಲಿ ಒಮ್ಮೆಯೂ ಅವು ಬಿಟ್ಟುಹೋಗಿರಲಿಲ್ಲ. ಏಳು ವರ್ಷ ಹೇಳಿಕೊಂಡು ಬಂದದ್ದು ಖರೆಯೇ ಆಗಿತ್ತು. ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಸಂತೋಷಕ್ಕಲ್ಲ. ಮೂರು ದಿನ ಕೇಳಿದ್ದರು, ನನ್ನ ಕೈಯಲ್ಲಿ ಒಂದೇ ಇತ್ತು.

ಸಮಿತಿ ಮುಂದಿನ ತಿಂಗಳು ಸೇರಿತು. ನಾಲ್ವರು ಸದಸ್ಯರು ದಾಖಲೆಯ ಗೆರೆಯನ್ನು ಪರದೆಯ ಮೇಲೆ ನೋಡಿದರು. ಒಬ್ಬರು ಬಹಳ ಚೆನ್ನಾಗಿದೆ ಎಂದರು. ಅಧ್ಯಕ್ಷರು ಕನ್ನಡಕ ತೆಗೆದು, ಹತ್ತು ದಿನದಲ್ಲಿ ಉಳಿದ ದಿನಗಳು ಏನಾದವು ಎಂದು ಕೇಳಿದರು. ಮಾರ್ಗದಲ್ಲಿ ತೊಂದರೆಯಿತ್ತೇ?

"ಮಾರ್ಗ ಸರಿ ಇತ್ತು," ಎಂದೆ. "ನಾನು ಕನೆಕ್ಟರ್ ಒರೆಸದೆ ಹಾಕಿದ್ದರಿಂದ ಸುಟ್ಟಿತ್ತು. ಅದನ್ನ ನೋಡದೆ ಬೇರೆಯವರ ಮೇಲೆ ತಪ್ಪು ಹೊರಿಸಿ ದಿನ ಕಳೆದೆ."

ಮಾರ್ಗದರ್ಶಕರು ನೆಲ ನೋಡುತ್ತಿದ್ದರು. ಅಧ್ಯಕ್ಷರು ಬರೆದುಕೊಂಡರು. ಹೊರಗೆ ಅರ್ಧ ಗಂಟೆ ಕೂಡಿಸಿ ಮತ್ತೆ ಕರೆದರು. ಒಂದು ದಿನದ ದಾಖಲೆಯ ಮೇಲೆ ಪ್ರಬಂಧ ಒಪ್ಪಲಾಗದು, ಸ್ವಂತ ತಪ್ಪಿನಿಂದಾದ ನಷ್ಟಕ್ಕೆ ಅವಧಿ ವಿಸ್ತರಿಸಲು ನಿಯಮವಿಲ್ಲ, ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಬೇಕಾದರೆ ಹೊಸದಾಗಿ ಪ್ರವೇಶ ಪರೀಕ್ಷೆ ಬರೆಯಬಹುದು. ಮೃದುವಾಗಿಯೇ ಹೇಳಿದರು. ಮೆಟ್ಟಿಲ ಮೇಲೆ ಮಾರ್ಗದರ್ಶಕರು ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗಿ ಬಾ" ಎಂದಷ್ಟೇ ಅಂದರು.

ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂತಿದ್ದೆ. ಮನೆಗೆ ಹೇಳಲು ಧೈರ್ಯ ಬರಲಿಲ್ಲ. ಆ ಹೊತ್ತಿಗೆ ಜಾಯಿಂಟರ್ ಫೋನ್ ಮಾಡಿದರು. ಗುತ್ತಿಗೆಯ ಪಟ್ಟಿಯಲ್ಲಿ ಅವರ ಹೆಸರು ಉಳಿದಿತ್ತು, ಅದು ನನಗೆ ಮೊದಲೇ ತಿಳಿದಿತ್ತು. ಕುಮಾರಪಟ್ಟಣದ ಹತ್ತಿರ ಕೇಬಲ್ ತುಂಡಾಗಿದೆ, ಅಲ್ಲಿದ್ದೇನೆ ಎಂದರು.

"ಇವತ್ತ ಇತ್ತಲ್ರಿ ನಿಮ್ಮ ಮೀಟಿಂಗ್. ಏನಂದ್ರು?"

"ಇಲ್ಲ ಅಂದ್ರು ಅಣ್ಣಾರ."

ಆ ಕಡೆ ಲಾರಿಯೊಂದು ಹಾದುಹೋದ ಸದ್ದು.

"ನನ್ನ ಸಲುವಾಗಿ ಹಂಗಾತೇನ್ರಿ?"

"ಇಲ್ಲ. ನನ್ನ ಸಲುವಾಗಿ."

"ಮೇಡಮ್ಮಾರ, ಒಂದ್ ನಿಮಿಷ ಫೋನ್ ಇಡಬ್ಯಾಡ್ರಿ. ಎಳಿ ಮಷಿನ್ನಾಗ ಐತಿ."

ಫೋನನ್ನು ಅವರು ಎಲ್ಲೋ ಮಣ್ಣಿನ ಮೇಲೆ ಇಟ್ಟಿರಬೇಕು. ಗಾಳಿ, ದೂರದಲ್ಲಿ ಯಾರದೋ ಮಾತು, ಆಮೇಲೆ ಯಂತ್ರದ ಸಣ್ಣ ಸದ್ದು. ನನ್ನ ಬಸ್ಸು ಬಂದು ನಿಂತಿತು. ನಾನು ಏಳಲಿಲ್ಲ.

"ಕೂಡ್ತ್ರಿ," ಎಂದರು ಅವರು, ಫೋನ್ ಎತ್ತಿಕೊಂಡು. "ಹೂಂ, ಈಗ ಹೇಳ್ರಿ. ನನಗ ಈಗ ವ್ಯಾಳ್ಯಾ ಐತಿ."